ಎರಡು ದಂಡೆಗೆ ಎರಡು ಅಡಿಗಲ್ಲು

ಬೆಣ್ಣೂರು, ಹೊಳೆಬಂಡಿ ಕ್ಷೇತ್ರ
ಎರಡನೆಯ ಅಧಿಕ ಆಷಾಢ, ನಲವತ್ತೊಂದನೆಯ ದಿನ
ಇಸವಿ ಎರಡು ಸಾವಿರದ ನೂರಾ ಎಂಬತ್ತೇಳು

ಪೂಜ್ಯ ಮುತ್ಯಾ, ಶಾಸಕರಾದ ಫಕ್ಕೀರಪ್ಪ ಮೊರಬದ ಅವರ ಪಾದಗಳಿಗೆ ನಿಮ್ಮ ಮೊಮ್ಮಗನ ಮೊಮ್ಮಗಳು ದಾನಮ್ಮ ಮಾಡುವ ನಮಸ್ಕಾರಗಳು. ಇತ್ತ ಎಲ್ಲರೂ ಕ್ಷೇಮ ಎಂದು ಶುರು ಮಾಡುವುದು ನಿಮ್ಮ ಕಾಲದ ವಾಡಿಕೆಯಂತೆ. ಹಾಗೆ ಬರೆಯಲು ನನಗೆ ಕೈ ಬರಲಿಲ್ಲ. ನನ್ನ ಮಾತಿನಲ್ಲಿ ನಿಮಗೆ ತಿಳಿಯದ ಶಬ್ದಗಳಿದ್ದರೆ ಮುನಿಸಿಕೊಳ್ಳಬೇಡಿ. ಹೊಟ್ಟೆಯೊಳಗಿನ ಸಂಕಟ ಮಾತ್ರ ನಿಮ್ಮ ಕಾಲದ್ದೇ ಇದೆ.

ತಾರೀಖು ನೋಡಿ ಗಾಬರಿಯಾಗಬೇಡಿ. ನಮ್ಮಲ್ಲಿ ಮಳೆ ಬರುವ ತನಕ ಆಷಾಢ ಮುಗಿಯುವುದಿಲ್ಲ. ಮುಂಗಾರು ವರ್ಷವರ್ಷವೂ ತಡವಾಗತೊಡಗಿದಾಗ, ಪಂಚಾಂಗ ಸುಳ್ಳಾಗಬಾರದೆಂದು ತಿಂಗಳನ್ನೇ ಹಿಗ್ಗಿಸುವ ಕಾಯ್ದೆ ಮಾಡಿದರು. ಆ ಕಾಯ್ದೆಯ ಪರವಾಗಿ ನೀವೂ ಮತ ಹಾಕಿದ್ದೀರಿ. ಆಗ ನೀವು ತೀರಿಕೊಂಡು ಅರವತ್ತು ವರ್ಷವಾಗಿತ್ತು. ಇದೆಂಥ ಹುಚ್ಚು ಮಾತು ಅನ್ನಬೇಡಿ, ಒಂದೊಂದಾಗಿ ಹೇಳುತ್ತೇನೆ.

ಈ ಪತ್ರ ಬರುವುದು ಹಿಂದಂಚೆಯಲ್ಲಿ. ಅದು ಹೋದ ಕಾಲಕ್ಕೆ ಕಾಗದ ಮುಟ್ಟಿಸುವ ಅಂಚೆ. ಒಂದು ಮನೆತನಕ್ಕೆ ಒಂದೇ ಸಲ ಅವಕಾಶ, ಅದೂ ರಕ್ತಸಂಬಂಧಿಗೆ ಮಾತ್ರ, ಕೈಯಿಂದಲೇ ಬರೆಯಬೇಕು. ಕಿಟಕಿಯಲ್ಲಿ ಕೂತ ಹೆಣ್ಣುಮಗಳು ಮೊದಲೇ ಹೇಳಿದಳು, “ಮುಟ್ಟಿದರ ಮುಟ್ಟತದ, ಇಲ್ಲಾಂದ್ರ ಇಲ್ಲರಿ ಯಕ್ಕಾ. ಖಾತ್ರಿ ಅಂತ ನಾ ಏನೂ ಕೊಡಂಗಿಲ್ಲ.” ಅವಳ ಮೇಲೆ ನನಗೆ ಪ್ರೀತಿಯೇ ಬಂತು. ಇಲ್ಲ ಎನ್ನುವ ಮಾತನ್ನು ಅಷ್ಟು ಚೊಕ್ಕವಾಗಿ ಕೇಳಿ ಬಹಳ ದಿನವಾಗಿತ್ತು.

ನೀವು ಈಗ ಎರಡನೆಯ ಸಲ ಗೆದ್ದು, ಮೂರನೆಯ ಚುನಾವಣೆಗೆ ತಯಾರಾಗುತ್ತಿದ್ದೀರಿ. ನಿಮ್ಮ ಆಪ್ತ ಸಹಾಯಕ ಬೆಳಗಿನ ಅಹವಾಲುಗಳನ್ನೆಲ್ಲ ಫೋನಿನಲ್ಲಿ ರೆಕಾರ್ಡ್ ಮಾಡುತ್ತಾನಲ್ಲ, ಪ್ರಚಾರಕ್ಕೆ ಬೇಕಾಗುತ್ತದೆ ಎಂದು? ಮುಂದೆ ನೀವು ಹಾಸಿಗೆ ಹಿಡಿದಾಗ ಪಕ್ಷದವರು ಅದನ್ನೆಲ್ಲ ಕೂಡಿಸಿ, ನಿಮ್ಮ ಒಪ್ಪಿಗೆ ಪಡೆದು, ಒಂದು ಯಂತ್ರಕ್ಕೆ ಉಣಿಸುತ್ತಾರೆ. ನೀವು ಹೇಗೆ ಮಾತಾಡುತ್ತಿದ್ದಿರೋ ಹಾಗೇ ಅದು ಮಾತಾಡುತ್ತದೆ. ಅದಕ್ಕೆ ಉಳಿದನಿ ಎನ್ನುತ್ತೇವೆ. ಮನುಷ್ಯ ಹೋದ ಮೇಲೂ ಉಳಿದ ದನಿ ಎಂದರ್ಥ. ಜನ ಅದನ್ನೇ ಚುನಾವಣೆಗೆ ನಿಲ್ಲಿಸಿದರು. ಅದು ಗೆದ್ದಿತು. ಅಂದಿನಿಂದ ಗೆಲ್ಲುತ್ತಲೇ ಇದೆ. ವಿಧಾನಸಭೆಯಲ್ಲಿ ನಿಮ್ಮ ಕುರ್ಚಿಯ ಮೇಲೆ ಹಿತ್ತಾಳೆ ತಂಬಿಗೆಯಂಥದೊಂದು ಕೂತಿದೆ, ಅದರೊಳಗಿಂದ ನೀವು ಹೂಂ ಅನ್ನುತ್ತೀರಿ.

ಊರಿನಲ್ಲಿ ನೀವಿರುವುದು ಕೇಳುಕಟ್ಟೆಯಲ್ಲಿ. ನಮ್ಮ ಮನೆಯ ಮುಂದಿನ ಕಲ್ಲುಕಟ್ಟೆ ಅದು, ಮೇಲೆ ತಗಡಿನ ಚಪ್ಪರ, ನಡುವೆ ಇನ್ನೊಂದು ತಂಬಿಗೆ. ಬೆಳಕು ಹರಿದರೆ ಜನ ಬಂದು ಕೂರುತ್ತಾರೆ. ಬಂದವರು ಚಹಾ ಕುಡಿಯದೆ ಹೋಗಬಾರದು ಎಂದು ನೀವು ಹಾಕಿಕೊಟ್ಟ ಪದ್ಧತಿಯನ್ನು ಈ ಮನೆಯ ಹೆಂಗಸರು ಇನ್ನೂ ಬಿಟ್ಟಿಲ್ಲ. ನನ್ನ ಆಯುಷ್ಯವೆಲ್ಲ ಆ ಒಲೆಯ ಮುಂದೆಯೇ ಹೋಯಿತು. ಸಕ್ಕರೆ ಈಗ ಚೀಟಿಯ ಮೇಲೆ ಸಿಗುವುದರಿಂದ ಸಜ್ಜಿಯ ಬೆಲ್ಲ ಹಾಕುತ್ತೇವೆ. ಅಂದರೆ ಸಜ್ಜೆಯ ದಂಟಿನಿಂದ ತೆಗೆಯುವ ಬೆಲ್ಲ. ಕುಡಿದವರು ಮುಖ ಕಿವುಚಿದರೂ ಒಂದು ಗುಟುಕು ಉಳಿಸುವುದಿಲ್ಲ. ಪಿಂಚಣಿ ನಿಂತುಹೋದ ಮುದುಕಿ, ಹೊಲದ ಬದುವಿಗೆ ಜಗಳಾಡಿದ ಅಣ್ಣತಮ್ಮ, ಮಗಳನ್ನು ಗಂಡನ ಮನೆಯವರು ಕರೆಸಿಕೊಳ್ಳುತ್ತಿಲ್ಲ ಎಂದು ಅಳುವ ತಾಯಿ, ಎಲ್ಲರೂ ನಿಮ್ಮ ಮುಂದೆ ಹೇಳಿಕೊಳ್ಳುತ್ತಾರೆ. ನೀವು ಒಬ್ಬೊಬ್ಬರ ಹೆಸರು ಹಿಡಿದು ಮಾತಾಡಿಸುತ್ತೀರಿ. ಅಣ್ಣ ಬಂದಾಗ “ನಿನ್ನ ಮಾತ ಖರೆ, ಮಾಡೋಣು” ಎನ್ನುತ್ತೀರಿ. ತಮ್ಮ ಬಂದಾಗಲೂ ಅದನ್ನೇ ಅನ್ನುತ್ತೀರಿ. ಇಬ್ಬರೂ ನಿಮಗೇ ವೋಟು ಹಾಕುತ್ತಾರೆ, ಇಬ್ಬರ ಬದುವೂ ಹಾಗೇ ಇರುತ್ತದೆ.

ಒಂದು ಕಣ್ಣಿಗೆ ಬೆಣ್ಣೆ, ಒಂದು ಕಣ್ಣಿಗೆ ಸುಣ್ಣ ಹಚ್ಚಿದಿರಿ ಎಂದು ನಿಮ್ಮನ್ನು ಯಾರೂ ಬೈಯುವಂತಿಲ್ಲ. ನೀವು ಎರಡೂ ಕಣ್ಣಿಗೆ ಬೆಣ್ಣೆ ಹಚ್ಚಿದವರು. ಬೆಣ್ಣೆ ಹಚ್ಚಿದ ಕಣ್ಣಿಗೂ ದಾರಿ ಕಾಣುವುದಿಲ್ಲ ಮುತ್ಯಾ. ಈ ಸ್ವಭಾವ ನಿಮಗೆ ಎಲ್ಲಿಂದ ಬಂತೆಂದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು. ಮೊಟ್ಟಮೊದಲ ಚುನಾವಣೆಗೆ ನೀವು ಪಕ್ಷೇತರರಾಗಿ ನಿಂತಿದ್ದಿರಿ. ಕೆರೆಯಂಗಳದಲ್ಲಿ ಗುಡಿಸಲು ಹಾಕಿಕೊಂಡವರು ಪಟ್ಟಾ ಕೇಳಿದಾಗ, ಅದು ಕೆರೆಯ ಜಾಗ, ಪಟ್ಟಾ ಬರುವುದಿಲ್ಲ, ಬೇರೆ ಕಡೆ ಕೇಳೋಣ ಎಂದು ಮುಖದ ಮೇಲೆ ಹೇಳಿದಿರಿ. ಠೇವಣಿ ಹೋಯಿತು. ಆ ದಿನ ಅಂಗಳದಲ್ಲಿ ಕೂತು “ಇಲ್ಲ ಅಂದಾವಗ ವೋಟೂ ಇಲ್ಲ” ಅಂದಿರಂತೆ. ಆಮೇಲೆ ಪಕ್ಷದ ಟಿಕೆಟ್ ಸಿಕ್ಕಿತು, ಗೆದ್ದಿರಿ, ಹೊಸಿಲಿಗೆ ಬಂದ ಯಾರಿಗೂ ಆ ಮಾತು ಮತ್ತೆ ಆಡಲಿಲ್ಲ. ಯಂತ್ರ ಕಲಿತದ್ದು ಆಮೇಲಿನ ನಿಮ್ಮನ್ನು. ಸೋತ ದಿನದ ನಿಮ್ಮ ದನಿಯನ್ನು ಯಾರೂ ಹಿಡಿದಿಡಲಿಲ್ಲ.

ಈಗ ನನ್ನ ಹಿರಿಯ ಮಗಳ ಮಾತು. ಅವಳ ಹೆಸರು ನೀಲವ್ವ. ಚೊಚ್ಚಲ ಬಸುರಿ, ತವರಿಗೆ ಬಂದಿದ್ದಳು. ನಮ್ಮ ಬೆಣ್ಣೂರಿನಲ್ಲಿ ಹೆರಿಗೆ ದವಾಖಾನೆಗೆಂದು ನೀವು ಬದುಕಿದ್ದಾಗ ಇಟ್ಟ ಅಡಿಗಲ್ಲು ಇದೆ. ಹೊಳೆಯಾಚೆ ಹುಲಗೇರಿಯಲ್ಲೂ ಅದೇ ದವಾಖಾನೆಯ ಅಡಿಗಲ್ಲು ಇದೆ, ಅದನ್ನೂ ನೀವೇ ಇಟ್ಟದ್ದು. ಒಂದೇ ಮಂಜೂರಾತಿಗೆ ಎರಡು ಊರು ಬಡಿದಾಡಿ ಎಲ್ಲಿಯೂ ಗೋಡೆ ಏಳಲಿಲ್ಲ. ವರ್ಷಕ್ಕೊಮ್ಮೆ ಎರಡೂ ಕಲ್ಲಿಗೆ ಸುಣ್ಣ ಬಳಿದು ಹೂವಿನ ಹಾರ ಹಾಕುತ್ತಾರೆ. ನೀಲವ್ವನಿಗೆ ದಿನ ತುಂಬುವ ಮುಂಚೆಯೇ ರಕ್ತ ಹೋಗತೊಡಗಿತು. ಹೋದ ವರ್ಷದ ಮಾತಿದು, ಆಗಷ್ಟೇ ಮಳೆ ಹಿಡಿದು ಹೊಳೆ ತುಂಬಿತ್ತು. ಹುಲಗೇರಿಯಲ್ಲಿ ದವಾಖಾನೆ ಶುರುವಾಗಿದೆ ಎಂದು ಸುದ್ದಿ ಹಬ್ಬಿತ್ತು. ಅಳಿಯ ಕಟ್ಟೆಗೆ ಓಡಿದ. “ಮುತ್ಯಾ, ಹುಲಗೇರ್ಯಾಗ ದವಾಖಾನಿ ತೆರೆದಾರೇನ್ರಿ?” ಎಂದು ಕೇಳಿದ. ನೀವು, “ಹೂಂ, ತೆರೆದಾರ. ಕರಕೊಂಡ ಹೋಗಪಾ, ಏನೂ ಚಿಂತಿ ಬ್ಯಾಡ” ಎಂದಿರಿ.

ದೋಣಿಯಲ್ಲಿ ಕರೆದುಕೊಂಡು ಹೋದೆವು. ಅಲ್ಲಿ ಕಲ್ಲು ಇತ್ತು. ಕಲ್ಲಿನ ಹಿಂದೆ ಜಾಲಿಗಿಡ ಇತ್ತು. ಮರಳಿ ಹೊಳೆ ದಾಟುವಷ್ಟರಲ್ಲಿ ತಾಯಿ ಮಗು ಇಬ್ಬರೂ ಹೋಗಿದ್ದರು. ನಮ್ಮ ದಂಡೆಯ ಮೇಲೆಯೇ ತಾಲೂಕಿಗೆ ಹೋಗುವ ರಸ್ತೆ ಇತ್ತು, ಗಾಡಿ ಇತ್ತು, ತಾಲೂಕಿನಲ್ಲಿ ದೊಡ್ಡ ದವಾಖಾನೆ ಇತ್ತು. ಇಲ್ಲಪ್ಪಾ, ಹುಲಗೇರಿಯಲ್ಲಿ ಏನೂ ಇಲ್ಲ, ತಾಲೂಕಿಗೆ ಹೋಗು ಎಂದು ನೀವು ಒಂದು ಮಾತು ಅಂದಿದ್ದರೆ ನನ್ನ ಮಗಳು ಬದುಕುತ್ತಿದ್ದಳು. ಮಾರನೆಯ ವಾರ ಅಳಿಯ ಕಟ್ಟೆಗೆ ಹೋಗಿ ನಿಮ್ಮನ್ನು ಬಾಯಿಗೆ ಬಂದಂತೆ ಬೈದ. ನೀವು “ನಿನ್ನ ಮಾತ ಖರೆ ಐತಿ” ಎಂದಿರಿ. ನಾನು ಅವನಿಗೂ ಚಹಾ ಕೊಟ್ಟೆ. ಏನು ಮಾಡಬೇಕೋ ತಿಳಿಯಲಿಲ್ಲ.

ಕಿರಿಯವಳು ಚಂಪಾ ಈ ಸಲ ನಿಮ್ಮ ವಿರುದ್ಧ ನಿಂತಿದ್ದಾಳೆ. ಮನೆಯ ಮಗಳು ಮನೆಯ ಹಿರಿಯನ ಮೇಲೆ ಚುನಾವಣೆಗೆ ನಿಂತಳು ಎಂದು ಊರು ನಗುತ್ತದೆ. ನಾಮಪತ್ರ ಹಾಕುವ ಮುಂಚೆ ಅವಳು ನಿಮ್ಮ ಮುಂದೆ ಕೂತು, ಈ ಸಲ ಹಿಂದೆ ಸರಿಯಿರಿ ಎಂದು ಕೇಳಿಕೊಂಡಳು. “ಆಗಲಿ ಮಗಳ, ಸರೀತೀನಿ. ನೀನ ನಿಂದ್ರು, ನಾ ನಿನ್ನ ಬೆನ್ನಿಗಿರ್ತೀನಿ” ಎಂದಿರಿ. ಹುಡುಗಿ ನಗುತ್ತ ಬಂದು ನನ್ನ ಕಾಲಿಗೆ ಬಿದ್ದಳು. ಮಧ್ಯಾಹ್ನ ಹುಲಗೇರಿಯವರು ಬಂದು ನೀವೇ ನಿಲ್ಲಬೇಕು ಎಂದರು. ಅವರಿಗೂ ಆಗಲಿ ಎಂದಿರಿ. ನಿಮ್ಮ ಹೆಸರು ಪಟ್ಟಿಯಲ್ಲಿ ಮೊದಲನೆಯದಾಗಿ ಬಂತು.

ಇದು ಬರೀ ಒಂದು ಸೋಲು ಗೆಲುವಿನ ಮಾತಾಗಿದ್ದರೆ ನಾನು ಹಿಂದಂಚೆಯ ಮೆಟ್ಟಿಲು ಹತ್ತುತ್ತಿರಲಿಲ್ಲ. ಈ ಸಲ ಗೆದ್ದ ಉಳಿದನಿಗಳಿಗೆ ಮುಂದೆ ಚುನಾವಣೆಯೇ ಬೇಡ ಎಂದು ಕಾಯ್ದೆಯಾಗಿದೆ. ಖಾಯಂ ಕುರ್ಚಿ ಕಾಯ್ದೆ ಎಂದು ಜನ ಕರೆಯುತ್ತಾರೆ. ನೀವು ಗೆದ್ದರೆ ಹೊಳೆಬಂಡಿಯಲ್ಲಿ ಇನ್ನು ಯಾರೂ ವೋಟು ಹಾಕುವುದಿಲ್ಲ, ಚಂಪಾಳ ಮಕ್ಕಳೂ ಹಾಕುವುದಿಲ್ಲ, ಅವರ ಮಕ್ಕಳೂ ಹಾಕುವುದಿಲ್ಲ. ನಾಡಿದ್ದು ಮತದಾನ. ಚಂಪಾ ಮನೆಮನೆಗೆ ಹೋಗಿ, ಬೆಣ್ಣೂರಿಗೆ ದವಾಖಾನೆ ಬರುವುದಿಲ್ಲ, ಹುಲಗೇರಿಯ ದಿಬ್ಬದ ಮೇಲೆ ಕಟ್ಟುತ್ತೇವೆ, ನಮಗೆ ಸೇತುವೆ ಕೇಳೋಣ ಎಂದು ಹೇಳುತ್ತಿದ್ದಾಳೆ. ಸ್ವಂತ ಊರಿನವರೇ ಬಾಗಿಲು ಹಾಕಿಕೊಂಡರು. ನಮ್ಮ ಎದುರುಮನೆ ಪಾರವ್ವ, “ನಿಮ್ಮ ಮುತ್ಯಾ ಎಂದಾದ್ರೂ ಹಿಂಗ ಅಂದಾನೇನವಾ? ನಿನಗ ಯಾರ ಹಾಕ್ತಾರ ವೋಟ?” ಎಂದಳು. ಚಂಪಾ ಸೋಲುತ್ತಾಳೆ. ಅವಳಿಗೂ ಅದು ಗೊತ್ತಿದೆ, ಆದರೂ ಬಿಸಿಲಿನಲ್ಲಿ ಅಲೆಯುತ್ತಾಳೆ. ಅವಳನ್ನು ನೋಡಿದರೆ ನನಗೆ ಹೆಮ್ಮೆಯಾಗುತ್ತದೆ, ಅಷ್ಟೇ ಹೆದರಿಕೆಯೂ ಆಗುತ್ತದೆ.

ನಿಮ್ಮ ದನಿಯನ್ನೇ ಕೊಡಬೇಡಿ ಎಂದು ಬರೆಯಲು ಕೂತಿದ್ದೆ. ಕೈ ತಡೆಯಿತು. ನನ್ನ ಗಂಡ ಮೊದಲು ನನಗೆ ಕಂಡದ್ದು ಆ ಕಟ್ಟೆಯ ಮೇಲೆ. ಅವರ ಊರಿನ ಬಾವಿಗೆ ಪಂಪು ಕೇಳಲು ಬಂದವರು, ಪಂಪು ಬರಲಿಲ್ಲ, ನನ್ನನ್ನು ಮದುವೆಯಾಗಿ ಈ ಮನೆಯಲ್ಲೇ ಉಳಿದರು. ಕಟ್ಟೆ ಇಲ್ಲದಿದ್ದರೆ ಚಂಪಾ ಇಲ್ಲ, ನೀಲವ್ವ ಹುಟ್ಟುತ್ತಲೂ ಇರಲಿಲ್ಲ. ಅದನ್ನು ಹೆತ್ತವಳು ಕೇಳಲಾರಳು. ಕಟ್ಟೆಯ ಮೇಲೆ ಕೂತು ಕಷ್ಟ ಹೇಳಿಕೊಂಡ ಮುದುಕಿಯರ ಎದೆ ಹಗುರಾಗಿದ್ದೂ ಸುಳ್ಳಲ್ಲ.

ಅದಕ್ಕೆ ನಾನು ಕೇಳುವುದು ಇಷ್ಟೇ. ನಿಮ್ಮ ಕಾಲದ ಲೆಕ್ಕದಲ್ಲಿ, ಹುಲಗೇರಿಯಲ್ಲಿ ಹೋದ ತಿಂಗಳು ನೀವು ಅಡಿಗಲ್ಲು ಇಟ್ಟು ಬಂದಿದ್ದೀರಿ. ಬರುವ ಸೋಮವಾರ ಬೆಳಿಗ್ಗೆ ನಮ್ಮ ಬೆಣ್ಣೂರಿನವರು ಗುಂಪು ಕಟ್ಟಿಕೊಂಡು ನಿಮ್ಮ ಮನೆಗೆ ಬರುತ್ತಾರೆ. ಅದೇ ದವಾಖಾನೆ ನಮಗೆ ಬೇಕು ಎನ್ನುತ್ತಾರೆ. ಅವರಲ್ಲಿ ನಿಮ್ಮ ಕಾಕಾನ ಮಕ್ಕಳಿರುತ್ತಾರೆ, ನಿಮ್ಮನ್ನು ಎತ್ತಿ ಆಡಿಸಿದವರಿರುತ್ತಾರೆ. ಅವರನ್ನು ಕೂಡಿಸಿ, ಚಹಾ ಕೊಡಿ, ಹುಲಗೇರಿಗೆ ಮಾತು ಕೊಟ್ಟಾಗಿದೆ ಎಂದು ತಿಳಿಸಿ ಹೇಳಿ, ಆಮೇಲೆ ಇಲ್ಲ ಅನ್ನಿ. ಅವರು ಸಿಟ್ಟಾಗಿ ಎದ್ದು ಹೋಗುತ್ತಾರೆ. ಬೆಣ್ಣೂರಿನ ವೋಟಿಲ್ಲದೆ ನೀವು ಗೆಲ್ಲುವುದಿಲ್ಲ, ಅದು ನನಗೂ ಗೊತ್ತು, ನಿಮಗೂ ಗೊತ್ತು. ಸೋಲಿರಿ ಮುತ್ಯಾ. ಐದು ವರ್ಷ ಮನೆಯಲ್ಲಿ ಕೂತು, ಮತ್ತೆ ನಿಂತು ಗೆಲ್ಲಿರಿ. ಆ ಮಾತು ಒಂದೇ ಒಂದು ಸಲ ನಿಮ್ಮ ಆಪ್ತ ಸಹಾಯಕನ ಫೋನಿಗೆ ಬಿದ್ದರೆ ಸಾಕು, ಯಂತ್ರ ಅದನ್ನೂ ಕಲಿಯುತ್ತದೆ.

ಈ ಕಾಗದ ಓದಿ ಮುಗಿಸಿದ ಕೂಡಲೇ ನಿಮ್ಮ ನಾಲಿಗೆಗೆ ಏನು ಬರುತ್ತದೆಂದು ನನಗೆ ಗೊತ್ತು. ದಿನಾ ಕೇಳುತ್ತೇನಲ್ಲ. ಆಗಲಿ ಮಗಳ, ಮಾಡೋಣು ಎನ್ನುತ್ತೀರಿ. ನನಗೆ ಮಾತ್ರ ಅದನ್ನು ಅನ್ನಬೇಡಿ. ಸೋಮವಾರ ಅವರಿಗೆ ಇಲ್ಲ ಅನ್ನಿ. ಅವರಿಗೆ ಅನ್ನಲು ಬಾಯಿ ಬರದಿದ್ದರೆ ನನಗೇ ಅನ್ನಿ. ಇಲ್ಲವ್ವಾ ದಾನಮ್ಮ, ನನ್ನಿಂದ ಆಗುವುದಿಲ್ಲ ಎಂದು ಫೋನಿಗೆ ಕೇಳಿಸುವ ಹಾಗೆ ಗಟ್ಟಿಯಾಗಿ ಅನ್ನಿ.

ನಿಮ್ಮ ಮನೆಯ ಮಗಳು,
ದಾನಮ್ಮ