ಚಿಲಕ ಹೊರಗಿರುವ ಕೋಣೆಗೊಂದು ಹೊಸ ಪದ

ಮಾನ್ಯ ಕಲ್ಯಾಣಾಧಿಕಾರಿಗಳೇ,

ನನ್ನ ತಮ್ಮನನ್ನು ಏನೆಂದು ಕರೆಯಬೇಕು ಎಂಬುದನ್ನು ನೀವು ಮತ್ತೊಮ್ಮೆ ಬದಲಾಯಿಸಿದ್ದೀರಿ. ಬರುವ ಒಂದನೇ ತಾರೀಕಿನಿಂದ ಅವನಿಗೆ ಹೊಸ ಪದ, ಅದರ ಜೊತೆಗೆ ಕೆಲಸಕ್ಕೊಂದು ಪ್ರತ್ಯೇಕ ಕೋಣೆ ಎಂದು ನಿಮ್ಮ ಸುತ್ತೋಲೆ ನಮ್ಮ ಆಸ್ಪತ್ರೆಯ ಲಾಂಡ್ರಿಯ ಗೋಡೆಯಲ್ಲಿ ಸಾರುತ್ತಿದೆ. ಆ ಪದವನ್ನು ನಾನಿಲ್ಲಿ ಬರೆಯುವುದಿಲ್ಲ. ಅದಿನ್ನೂ ಬೈಗುಳವಾಗಿಲ್ಲ, ಪಾಪ, ನಾಲ್ಕು ದಿನ ಸುಖವಾಗಿರಲಿ. ನನ್ನ ತಕರಾರು ಆ ಕೋಣೆಯ ಬಗ್ಗೆ.

ತಮ್ಮ ಚಿಕ್ಕವನಿದ್ದಾಗ ಬೀದಿಯವರೆಲ್ಲ ಅವನನ್ನು ಪೆದ್ದ ಎನ್ನುತ್ತಿದ್ದರು. ಡಾಕ್ಟರು ಪರೀಕ್ಷೆ ಮಾಡಿ ‘ಮಂದಬುದ್ಧಿ’ ಎಂದಾಗ ಅಮ್ಮನಿಗೆ ಎಂಥ ನಿರಾಳ! ಶಾಲೆಗೆ ಹೋಗಿ ಹೆಮ್ಮೆಯಿಂದಲೇ ಹೇಳಿದ್ದಳು, “ನಮ್ಮ ಹುಡ್ಗ ಪೆದ್ದ ಅಲ್ಲ ಸಾರ್, ಮಂದಬುದ್ಧಿ. ಡಾಕ್ಟ್ರೇ ಹೇಳಿದಾರೆ.” ಆ ವರ್ಷ ಮುಗಿಯುವುದರೊಳಗೆ ಮಗ್ಗಿ ತಪ್ಪಿದವರನ್ನೆಲ್ಲ ಮೇಷ್ಟ್ರು ಮಂದಬುದ್ಧಿ ಎಂದೇ ಗದರತೊಡಗಿದರು. ಮಕ್ಕಳು ಆ ಪಾಠವನ್ನು ಮಾತ್ರ ಬೇಗ ಕಲಿತರು. ಮರುವರ್ಷ ತಮ್ಮನಿಗೆ ಶಾಲೆಯಲ್ಲಿ ಜಾಗವಿರಲಿಲ್ಲ. ಆಮೇಲೆ ನಿಮ್ಮ ಕಚೇರಿ ‘ಬುದ್ಧಿಮಾಂದ್ಯ’ ಎಂದಿತು. ಅದೂ ಬಾಯಿಂದ ಬಾಯಿಗೆ ಹೋಗಿ ಜಗಳದಲ್ಲಿ ಎಸೆಯುವ ಕಲ್ಲಾಯಿತು. ಅವನು ಡಬ್ಬಿಗಳಿಗೆ ಚೀಟಿ ಅಂಟಿಸುತ್ತಿದ್ದ ಅಂಗಡಿಯ ಮಾಲೀಕರು “ಗಿರಾಕಿಗಳು ನಗ್ತಾರಮ್ಮ, ನಾಳೆಯಿಂದ ಕಳಿಸ್ಬೇಡಿ” ಎಂದರು. ಬೈಗುಳ ಮೊದಲು ಬರುತ್ತದೆ, ಬಾಗಿಲು ಆಮೇಲೆ ಮುಚ್ಚುತ್ತದೆ. ಎರಡು ಸಲ ಇದನ್ನು ಕಂಡವಳಿಗೆ ಈಗ ಭಯವಾಗುತ್ತಿದೆ, ಅದನ್ನು ಮುಚ್ಚಿಡುವುದಿಲ್ಲ.

ಲಾಂಡ್ರಿಯಲ್ಲಿ ನಾನು ಇಸ್ತ್ರಿಗೆ, ತಮ್ಮ ಮಡಿಸುವ ಮೇಜಿಗೆ. ಆಸ್ಪತ್ರೆಯ ಚಾದರಗಳನ್ನು ಇಬ್ಬರು ಸೇರಿಯೇ ಮಡಿಸಬೇಕು. ಆ ತುದಿ ಒಬ್ಬರು, ಈ ತುದಿ ಒಬ್ಬರು. ಜಾಡಿಸಿ, ಎಳೆದು, ಹತ್ತಿರ ಬಂದು, ಅಂಚನ್ನು ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ಕೊಡಬೇಕು. ಹತ್ತಿರ ಬಂದಾಗಲೆಲ್ಲ ತಮ್ಮ ನಗುತ್ತಿದ್ದ, ಎದುರಿನಾಕೆಯೂ ನಗುತ್ತಿದ್ದಳು. ಅಷ್ಟರಲ್ಲಿ ನೀವು ‘ವಿಶೇಷ’ ಎಂಬ ಪದವನ್ನು ದಯಪಾಲಿಸಿ ಅವನ ಅಂಗಿಯ ಎದೆಗೇ ಹೊಲಿಸಿಬಿಟ್ಟಿರಿ. ಒಂದು ದಿನ ಗಾಡಿಯ ಡ್ರೈವರ್ ಬಟ್ಟೆಬುಟ್ಟಿ ಬೀಳಿಸಿದ. “ಲೋ ವಿಶೇಷ, ಕಣ್ಣೆಲ್ಲಿಟ್ಟಿದ್ದೀಯೋ?” ಎಂದು ಅವನ ಗೆಳೆಯ ಕೂಗಿದ. ಎಲ್ಲರೂ ನಕ್ಕರು. ತಮ್ಮನೂ ನಕ್ಕ. ಮನೆಗೆ ಬಂದು ಕೇಳಿದ, “ಅಕ್ಕಾ, ವಿಶೇಷ ಅಂದ್ರೆ ನಾನಲ್ವಾ? ಅವನಿಗ್ಯಾಕೆ ಹಂಗಂತ ಬೈದ್ರು?”

ಅಲ್ಲಿಂದಾಚೆ ಅವನೆದುರು ನಿಲ್ಲಲು ಒಬ್ಬರೂ ಬರಲಿಲ್ಲ. ಜೊತೆಗೆ ನಿಂತರೆ ಆ ಪದ ತಮಗೂ ಅಂಟೀತೆಂಬ ಅಂಜಿಕೆ. ಮೇಲ್ವಿಚಾರಕರು ಗೋಡೆಗೊಂದು ಕೊಕ್ಕೆ ಹೊಡೆಸಿದರು. ಈಗ ತಮ್ಮ ಚಾದರದ ಆ ತುದಿಯನ್ನು ಕೊಕ್ಕೆಗೆ ಸಿಕ್ಕಿಸಿ, ಈ ತುದಿ ಹಿಡಿದು ಗೋಡೆಯತ್ತ ನಡೆಯುತ್ತಾನೆ. ಹತ್ತಿರ ಹೋದಾಗ ಹಳೆಯ ಅಭ್ಯಾಸದಂತೆ ಗೋಡೆಗೇ ನಗುತ್ತಾನೆ. ನೋಡಲಾರದೆ ನಾನೇ ಹೋಗಿ ತುದಿ ಹಿಡಿದೆ. “ನಿಮ್ಮ ಕೆಲ್ಸ ಇಸ್ತ್ರಿ ಕಣಮ್ಮ, ಅದನ್ನ ನೋಡ್ಕೊಳ್ಳಿ” ಎಂದು ವಾಪಸು ಅಟ್ಟಿದರು.

ನಿಮ್ಮ ಹೊಸ ಕೋಣೆಯನ್ನು ನಿನ್ನೆ ನೋಡಿಬಂದೆ. ಬಾಯ್ಲರ್ ಹಿಂದಿನ ಹಳೆಯ ಉಗ್ರಾಣ. ಕೈಗೆಟುಕದ ಎತ್ತರದಲ್ಲಿ ಒಂದು ಕಿಟಕಿ. ಗೋಡೆಗೆ ಹೊಸ ಬಣ್ಣ, ಅದರ ಮೇಲೊಂದು ಹೊಸ ಕೊಕ್ಕೆ. ಬಾಗಿಲ ಮೇಲೆ ನಿಮ್ಮ ಹೊಸ ಪದದ ಫಲಕ, ಅಕ್ಷರಗಳೇನೋ ಮುದ್ದಾಗಿವೆ. ಬಡಗಿ ಬಾಗಿಲಿನ ಹೊರಮೈಗೆ ಚಿಲಕ ಜಡಿಯುತ್ತಿದ್ದ. “ಹೊರಗ್ಯಾಕಪ್ಪಾ ಚಿಲಕ?” ಎಂದೆ. “ಆರ್ಡರೇ ಹಂಗಿದೆ ಅಕ್ಕಾ. ಅವ್ರ ಸುರಕ್ಷತೆಗಂತೆ” ಎಂದ, ತಲೆಯೆತ್ತದೆ. ಯಾರಿಂದ ಸುರಕ್ಷತೆ, ಸ್ವಾಮಿ? ಬಾಯ್ಲರ್ ಕೈಕೊಟ್ಟ ದಿನ ಆ ಚಿಲಕ ತೆಗೆಯಲು ಯಾರು ಓಡಿಬರುತ್ತಾರೆ? ಈ ಪದವೂ ಹಳಸಿದ ಮೇಲೆ ಅವನನ್ನು ಇನ್ನೆಲ್ಲಿಗೆ ಸಾಗಿಸುತ್ತೀರಿ?

ನನ್ನ ಹಿಂದಿನ ಮನವಿಗಳಿಗೆ ಉತ್ತರ ಬಾರದೇ ಹೋದಾಗ ನಿಮ್ಮನ್ನು ಕಿವುಡರೆಂದು ಬರೆಯಲು ಹೊರಟಿದ್ದೆ. ತಡೆದುಕೊಂಡೆ. ನಮ್ಮ ಓಣಿಯ ದರ್ಜಿಗೆ ಕಿವಿ ಕೇಳಿಸುವುದಿಲ್ಲ. ಆದರೂ ಎದುರು ನಿಂತವರ ಮುಖ ನೋಡಿ ಮಾತು ತಿಳಿದುಕೊಳ್ಳುತ್ತಾರೆ. ನಿಮಗೆ ಹೋಲಿಸಿ ಅವರನ್ನೇಕೆ ಅವಮಾನಿಸಲಿ?

ಪದ ನಿಮ್ಮಲ್ಲೇ ಇರಲಿ. ಫಲಕ ಇಳಿಸಿ, ಅವನ ಎದೆಯ ಮೇಲಿನ ಹೊಲಿಗೆ ಬಿಚ್ಚಿಸಿ, ಮೇಜಿನ ಆ ಬದಿಯಲ್ಲಿ ಒಬ್ಬ ಮನುಷ್ಯನನ್ನು ನಿಲ್ಲಿಸಿ. ಇಲ್ಲವಾದರೆ ಒಂದನೇ ತಾರೀಕಿನ ಬೆಳಿಗ್ಗೆ ನಾನು ಆ ಹೊಸಿಲ ಮೇಲೆ ಕೂತಿರುತ್ತೇನೆ. ಚಿಲಕ ಹಾಕುವವರು ನನ್ನನ್ನೂ ಒಳಗೆ ತಳ್ಳಿಯೇ ಹಾಕಬೇಕು. ತಮ್ಮನಿಗೋ ಸಂಭ್ರಮ, ತನಗೊಂದು ರೂಮು ಕೊಡುತ್ತಾರೆಂದು ಬೀದಿಗೆಲ್ಲ ಹೇಳಿಕೊಂಡು ಬಂದಿದ್ದಾನೆ. ಇವತ್ತು ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ ಮಾತ್ರ ನನ್ನತ್ತ ತಿರುಗಿದ. “ಅಕ್ಕಾ, ಅಲ್ಲಿ ಆ ಕಡೆ ತುದಿ ಯಾರು ಹಿಡ್ಕೊತಾರೆ?” ಎಂದ. ನೀವೇ ಬಂದು ಅವನ ಮುಖ ನೋಡಿ ಹೇಳಿ.

ಇಂತಿ,
ಆ ತುದಿ ಹಿಡಿಯಲು ಅಪ್ಪಣೆ ಸಿಗದ ಅಕ್ಕ