ಹದಿನೆಂಟು ಡಿಗ್ರಿ

ಚಾರ್ಜಿಂಗ್ ಕೋಣೆ,
ಸೆಪ್ಟೆಂಬರ್ ೧೭, ಬುಧವಾರ, ಊಟದ ಬಿಡುವು

ಪ್ರೀತಿಯ ಅಪ್ಪಾ,

ಕೈ ಹೇಗಿದೆ? ಸುಟ್ಟ ಚರ್ಮ ಬಿಗಿಯುತ್ತದೆ, ಎಣ್ಣೆ ಹಚ್ಚಿಕೊಳ್ಳಲಿ ಎಂದು ಅಮ್ಮ ಹತ್ತು ಸಲ ಹೇಳಿದಳು. ನಾನು ಒಂದೇ ಸಲ ಬರೆಯುತ್ತೇನೆ. ಸೆಕೆಯಲ್ಲೂ ತುಂಬುತೋಳಿನ ಅಂಗಿ ಬಿಚ್ಚುವುದಿಲ್ಲವಂತೆ, ಚಿಕ್ಕಮ್ಮ ಹೇಳಿದಳು. ಅವರ ಮನೆಯಲ್ಲಿ ಇನ್ನೆಷ್ಟು ದಿನ ಮುಖ ಮರೆಸಿಕೊಂಡಿರುತ್ತೀಯ? ಫೋನ್ ಮಾಡಿದರೆ ಎತ್ತುವುದಿಲ್ಲ, ಅದಕ್ಕೇ ಇವತ್ತಿನ ಬಸ್ಸಿನವರ ಕೈಯಲ್ಲಿ ಈ ಕಾಗದ. ನಾವು ಚೆನ್ನಾಗಿದ್ದೇವೆ. ನಿನ್ನ ಸ್ಟೂಲಿನ ಮೇಲೆ ಈಗ ನಾನು ಕೂರುತ್ತೇನೆ. ಅದರ ಒಂದು ಕಾಲು ಇನ್ನೂ ಅಲ್ಲಾಡುತ್ತದೆ.

ಕೆಲಸಕ್ಕೆ ಸೇರಿದ ದಿನ ಮ್ಯಾನೇಜರ್ ನನ್ನನ್ನು "ಬೆಂಕಿ ಹಚ್ಚಿದವರ ಮಗಳು" ಎಂದು ಪರಿಚಯಿಸಿ ನಕ್ಕರು. ನಾನೂ ಹಲ್ಲು ಕಚ್ಚಿಕೊಂಡು ನಕ್ಕೆ. ಔಷಧಿ ಡ್ರೋನ್ ಆಸ್ಪತ್ರೆಯಿಂದ ಮರಳಿದ ಕೂಡಲೇ ಬ್ಯಾಟರಿ ಬಿಚ್ಚಿ, ತಣಿಯಲು ಇಟ್ಟು, ಆಮೇಲೆ ವೇಗದ ಚಾರ್ಜರ್‌ಗೆ ಹಾಕುತ್ತೇನೆ. "ಚಾರ್ಜರ್ ಕೇಳುತ್ತೆ, ಬ್ಯಾಟರಿ ಹೇಳುತ್ತೆ. ಅದು ಹೇಳಿದಷ್ಟೇ ಕೊಡ್ಬೇಕು ಕಣೆ" ಅನ್ನುತ್ತಿದ್ದೆಯಲ್ಲ, ಅದನ್ನೇ ಪಾಲಿಸುತ್ತಿದ್ದೇನೆ. ಎಷ್ಟು ಬಿಸಿಯಾಗಿದೆ, ಎಷ್ಟು ತುಂಬಿದೆ ಎಂದು ಬ್ಯಾಟರಿಯೊಳಗಿನ ಚಿಪ್ ತಿಳಿಸುತ್ತಲೇ ಇರುತ್ತದೆ. ಎಂಬತ್ತು ಪರ್ಸೆಂಟ್‌ವರೆಗೆ ಚಾರ್ಜರ್ ಧಾರಾಳಿ. ಆಮೇಲೆ ಹೊಟ್ಟೆ ತುಂಬುತ್ತಿರುವವರಿಗೆ ಬಡಿಸಿದಂತೆ ಸ್ವಲ್ಪ ಸ್ವಲ್ಪ. ತುಂಬಾ ಬಿಸಿ ಎಂದು ತಿಳಿದರೆ ಕೊಡುವುದೇ ಇಲ್ಲ.

ಸೋಮವಾರ ಮ್ಯಾನೇಜರ್‌ಗೆ ತಣಿಯುವವರೆಗೆ ಕಾಯಲಾಗಲಿಲ್ಲ. ಔಷಧಿ ಪೆಟ್ಟಿಗೆಯ ಐಸ್ ಪ್ಯಾಕ್ ತಂದು, ಆಗಷ್ಟೇ ಇಳಿದ ಬ್ಯಾಟರಿಯ ತುದಿಗೆ, ಸರಿಯಾಗಿ ಬಿಸಿ ಅಳೆಯುವ ಸೆನ್ಸರ್ ಇರುವ ಕಡೆಗೇ, ಒತ್ತಿ ಹಿಡಿದರು. ಒಳಗೆ ಕಾದ ಹಂಚಿನಂತಿದ್ದರೂ ಚಾರ್ಜರ್‌ಗೆ ಮುಟ್ಟಿದ್ದು ಇಪ್ಪತ್ತು ಡಿಗ್ರಿ ಎಂಬ ಲೆಕ್ಕ. ಪಾಪ, ಅದು ನಂಬಿ ಪೂರ್ತಿ ವೇಗದಲ್ಲಿ ಶುರು ಮಾಡಿತು. "ನೋಡಮ್ಮ, ಇಷ್ಟೇ. ನಾಳೆಯಿಂದ ಹೀಗೇ ಮಾಡು" ಎಂದರು. ನಾನು ಪ್ಲಗ್ ಕಿತ್ತು "ಮಾಡಲ್ಲ ಸರ್" ಎಂದೆ. ಸಂಜೆಯೊಳಗೆ ನೋಟಿಸ್ ಕೈಗೆ ಬಂತು. ಬರಲಿ ಬಿಡು.

ಆದರೆ ಅವರ ಕೈ ಎಷ್ಟು ಪಳಗಿತ್ತು ಅಂತೀಯ. ಅದಕ್ಕೇ ಅನುಮಾನ ಬಂದು, ಬೆಂಕಿ ಬಿದ್ದ ದಿನದ ಚಾರ್ಜರ್ ದಾಖಲೆ ತೆಗೆದೆ. ಮಧ್ಯಾಹ್ನ ಎರಡು ಹತ್ತು. ಕೋಣೆಯೇ ಮೂವತ್ತಾರು ಡಿಗ್ರಿ ಕಾದಿದ್ದ ದಿನ, ಆಗ ತಾನೇ ಹಾರಿ ಬಂದ ಬ್ಯಾಟರಿ ಹದಿನೆಂಟು ಅನ್ನುತ್ತಿದೆ. ಚಾರ್ಜರ್ ಶುರು ಮಾಡಲು ತೋರಿಸಿದ ಗುರುತಿನ ಕಾರ್ಡ್ ಮ್ಯಾನೇಜರದ್ದು. ಎರಡು ಹತ್ತಕ್ಕೆ ನೀನು ತಾರಸಿಯಲ್ಲಿ ಇನ್ನೊಂದು ಡ್ರೋನ್ ಇಳಿಸಿಕೊಳ್ಳುತ್ತಿದ್ದೆ. ಅಲ್ಲಿನ ಪುಸ್ತಕದಲ್ಲಿ ನಿನ್ನ ಸಹಿ ಇದೆ. ಕೆಳಗೆ ಬಂದದ್ದು ಬೆಂಕಿ ಆರಿಸಲು. "ತಣಿಯೋಕೆ ಇಟ್ನೋ, ಮರೆತು ಚಾರ್ಜರ್‌ಗೇ ಹಾಕಿಬಿಟ್ನೋ" ಎಂದು ಐದು ತಿಂಗಳು ನಿನ್ನನ್ನು ನೀನೇ ತಿಂದುಕೊಂಡೆ. ತಣಿಯಲೇ ಇಟ್ಟಿದ್ದೆ ಅಪ್ಪಾ. ನೀನು ಮರೆತಿರಲಿಲ್ಲ. ಅದನ್ನು ಓದಿ ಈ ಸ್ಟೂಲಿನ ಮೇಲೇ ಕೂತು ಅತ್ತೆ, ಸಿಟ್ಟಿಗೋ ಸಂತೋಷಕ್ಕೋ ನನಗೇ ಗೊತ್ತಿಲ್ಲ.

ಚಿಕ್ಕಪ್ಪ, ಚಿಕ್ಕಮ್ಮನಿಗೆ ನಮಸ್ಕಾರ ತಿಳಿಸು. ನಿನ್ನ ಆಶೀರ್ವಾದ ಕಾಗದದಲ್ಲಿ ಬೇಡ, ಎದುರಿಗೆ ಬಂದು ಕೊಡು.

ನಿನ್ನ ಹಟಮಾರಿ ಮಗಳು

ತಾ.ಕ.: ಶುಕ್ರವಾರ ಹತ್ತು ಗಂಟೆಗೆ ನನ್ನ ವಿಚಾರಣೆ, ಹೆಡ್ ಆಫೀಸಿನವರ ಮುಂದೆ. ತಪ್ಪಾಯಿತು ಎಂದು ಬರೆದುಕೊಟ್ಟರೆ ಕೆಲಸ ಉಳಿಯುತ್ತದಂತೆ. ನಾನು ಕೊಡುವುದು ಆ ದಾಖಲೆಯ ಪ್ರತಿಯನ್ನು. ನೀನು ಬರಲೇಬೇಕು. ಅಂಗಿಯ ತೋಳನ್ನು ಮೊಣಕೈವರೆಗೆ ಮಡಚಿಕೊಂಡು ಬಾ, ಆ ಕೈಯನ್ನು ಅವರೆಲ್ಲ ನೋಡಲಿ.