ನಿನ್ನ ತವರಿನ ರಾಗಿ

ಅವ್ವಾ,

ನಿನ್ನ ಮೇಲೂ ಸಿಟ್ಟಿದೆ, ಮೊದಲೇ ಹೇಳಿಬಿಡುತ್ತೇನೆ. ಕಿರಂಗೂರಿನ ನಮ್ಮ ಹೊಲದ ರಾಗಿಮುದ್ದೆ ಉಣ್ಣುವಾಗೆಲ್ಲ ಮೂಗು ಮುರಿಯುತ್ತಿದ್ದೆಯಲ್ಲ? "ನಮ್ಮ ನಾಗಮಂಗಲದ ರಾಗಿ ಮುಂದೆ ಇದ್ಯಾವ್ ಮುದ್ದೆ ಬುಡು" ಅಂತ. ನೀನು ತಮಾಷೆಗೆ ಅಂದಿರಬಹುದು. ನಿನ್ನ ಮಗ ಅದನ್ನೇ ಹಿಡಿದುಕೊಂಡ.

ನಿನ್ನ ವರ್ಷದ ತಿಥಿ ಮುಗಿದದ್ದೇ ತಡ, ಅಣ್ಣ ರಾಗಿ ಹೊಲಕ್ಕೂ ದನ ಮೇಯುತ್ತಿದ್ದ ಬೀಳಿಗೂ ಕಬ್ಬು ಹಾಕಿದ. ರಾಗಿಯನ್ನು ನಾಗಮಂಗಲದಿಂದ ಮಾವ ಕಳಿಸಲಿ, ಅವ್ವನಿಗೂ ಅದೇ ಇಷ್ಟವಿತ್ತು ಎಂದ. ಮೇವಿಲ್ಲದ ಹಸುಗಳನ್ನೂ ಮಾವನಿಗೇ ಸಾಕಲು ಕೊಟ್ಟ, ಹುಟ್ಟುವ ಕರುವಿನಲ್ಲಿ ಇಬ್ಬರಿಗೂ ಪಾಲು ಅಂತ. ಬದುವಿನ ಹೊಂಗೆಮರ ಮಾತ್ರ ಮುಟ್ಟಲಿಲ್ಲ. ಬಂದವರಿಗೆಲ್ಲ ಅದನ್ನು ತೋರಿಸಿ, "ಕಬ್ಬು ಆಕಕ್ಕೆ ಅಂತ ಒಂದ್ ಗಿಡಾನೂ ಕಡ್ದಿಲ್ಲ ಕಣ್ಲಾ" ಎನ್ನುತ್ತಾನೆ. ಸುಳ್ಳಲ್ಲ. ಅದಕ್ಕೇ ನನಗೆ ಮೈಯುರಿಯುವುದು.

ಹೋದ ಬೇಸಿಗೆಯಲ್ಲಿ ನಿನ್ನ ತವರಿಗೆ ಹೋಗಿದ್ದೆ. ನೀನು ಸೆರಗಿನಲ್ಲಿ ಕಾರೆಹಣ್ಣು ಕಟ್ಟಿಕೊಂಡು ಬರುತ್ತಿದ್ದ ಗುಡ್ಡದ ಕಾಡು ನೆನಪಿದೆಯಾ? ಈಚೆ ಮಗ್ಗುಲು ಬೋಳಾಗಿ ಮಾವನ ರಾಗಿ ಹೊಲವಾಗಿದೆ. ಕಾರೆ, ಕಗ್ಗಲಿ, ಆ ದೊಡ್ಡ ಬಾಗೆಮರ... ಬುಡವನ್ನೂ ಸುಟ್ಟಿದ್ದಾರೆ. ಮಾವನ ಮೇಲೆ ಕೂಗಾಡಿದೆ. ಅವನು ಟವೆಲ್ಲು ಕೊಡವಿ ನನ್ನನ್ನೇ ಕೇಳಿದ: "ನಿಮ್ಮನೇಗೆ ರಾಗಿ ಬೇಕು, ನಿಮ್ ದನಕ್ಕೆ ಮೇವು ಬೇಕು. ನಮ್ಮೊಲ ಎಷ್ಟಗ್ಲ ಐತೆ ಅಂದ್ಕೊಂಡಿದ್ದೀಯವ್ವ? ಆಚೆ ಮಗ್ಗುಲ್ನೂ ಈ ಮುಂಗಾರಿಗೆ ಸವರ್ಬೇಕು."

ಮಚ್ಚು ಹಿಡಿದವನು ಅವನೇ, ಸರಿ. ಆದರೆ ಅವನ ಕೈಗೆ ಅದನ್ನು ಕೊಟ್ಟವರು... ಊರಿಗೆ ಬಂದು ಅಣ್ಣನಿಗೆ ಹೇಳಿದರೆ, "ನಾಗಮಂಗಲ್ದಲ್ಲಿ ಕಡುದ್ರೆ ನನ್ನೇನ್ ಕೇಳ್ತೀಯೆ?" ಎಂದು ನಕ್ಕ. ನಗುತ್ತಲೇ, ನೀನು ನನಗೆಂದು ಬಿಟ್ಟುಹೋದ ಅರ್ಧ ಎಕರೆಯನ್ನೂ ಕಬ್ಬಿಗೆ ಕೇಳಿದ! ನಾಚಿಕೆ ಬೇಡವೇ?

ಕೊಡಲಿಲ್ಲ ಅವ್ವ. ನಿನಗೆ ಗೊತ್ತಿಲ್ಲದ ಸುದ್ದಿ ಇದು: ಅಲ್ಲಿ ರಾಗಿ ಬಿತ್ತಿದೆ. ಬದುವಿಗೆ ಹುಲ್ಲು ನೆಟ್ಟು ಎರಡು ಹಸುವನ್ನು ವಾಪಸು ತಂದೆ. ಮಾವ ತಲೆ ಕೆರೆದುಕೊಂಡು, "ಅಂಗಾರೆ ಆಚೆ ಮಗ್ಗುಲ್ನ ಈ ವರ್ಸ ಬುಟ್ಟಿರ್ತೀನಿ" ಎಂದ. ಈ ವರ್ಷ ಮಾತ್ರ. ಮುಂದಿನ ವರ್ಷ ಮತ್ತೆ ಜಗಳವಾಡಬೇಕು, ಆಡುತ್ತೇನೆ.

ಮೊನ್ನೆ ಹೊಸ ರಾಗಿಯಲ್ಲಿ ಮುದ್ದೆ ಮಾಡಿದೆ. ನೀನು ಅಂದದ್ದು ನಿಜ, ರುಚಿ ಅಷ್ಟಕ್ಕಷ್ಟೇ. ಆದರೂ ಇನ್ನು ಈ ಮನೆಯಲ್ಲಿ ನಾನು ಉಣ್ಣುವುದು ಅದನ್ನೇ. ಪಿತೃಪಕ್ಷದಲ್ಲಿ ನಿನ್ನ ಎಡೆಗೂ ಅದೇ ಮುದ್ದೆ ಇಡುತ್ತೇನೆ. ಮೂಗು ಮುರಿಯಬೇಡ.

ನಿನ್ನ ಮಗಳು